ಪೂಜೆಗೆ ಕೂತ ಸಾವಿರದ ನೂರಾ ನಲವತ್ತು ಆಯುಧಗಳು

ಯಮನಪ್ಪ ತನ್ನ ಐವತ್ತೊಂದನೆಯ ವಯಸ್ಸಿನಲ್ಲಿ ಒಂದು ಶಸ್ತ್ರಾಗಾರದ ಮುಖ್ಯಸ್ಥನಾದ. ಅದರಲ್ಲಿ ಸಾವಿರದ ನೂರಾ ನಲವತ್ತು ಆಯುಧಗಳಿದ್ದವು. ಗೋಕುಲ ರಸ್ತೆಯ ಹಿಂದಿನ ಅವನ ಓಣಿಗೆ ಈ ಸಂಗತಿ ಗೊತ್ತಾದದ್ದು ಎದುರುಮನೆಯ ರುಕ್ಮವ್ವನಿಂದ. ರುಕ್ಮವ್ವನಿಗೆ ಗೊತ್ತಾದದ್ದು ಸ್ವತಃ ಯಮನಪ್ಪನಿಂದ, ಅವನು ಹಾಲು ತರಲು ಹೊರಟಾಗ, ಅವಳು ಏನೂ ಕೇಳದೆ ಇದ್ದಾಗ.

“ಆಯುಧ ಅಂದ್ರ ಎಂಥಾವ್ರಿ?”

“ಕತ್ತಿ, ಗದಾ, ಭರ್ಚಿ, ಬಿಲ್ಲು. ಒಂದು ಕೊಡ್ಲಿ ಐತಿ ನೋಡ ರುಕ್ಮವ್ವಾ, ಅರವತ್ತು ಕಿಲೋ.”

“ಯವ್ವಾ! ಎಲ್ಲಿಟ್ಟೀರಿ?”

“ಮನ್ಯಾಗ.”

ರುಕ್ಮವ್ವ ಅವನ ಎರಡು ಖೋಲಿಯ ಮನೆಯನ್ನು ಬಾಗಿಲಿನಿಂದ ಹಂಚಿನವರೆಗೆ ನೋಡಿದಳು. “ಅದಕ್ಕಽ ದುರಗವ್ವ ಮೊನ್ನೆ ಹಪ್ಪಳದ ಡಬ್ಬಿ ಇಡಾಕ ಜಾಗಾ ಇಲ್ಲ ಅಂತಿದ್ಲು” ಎಂದಳು.

ನಿಜ ಸಂಗತಿ ಇಷ್ಟು. ಯಮನಪ್ಪ ತಾರಿಹಾಳದ ಒಂದು ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಟೂಲ್ ರೂಮಿನ ಸ್ಟೋರ್ ಕೀಪರ್ ಆಗಿದ್ದ. ಡ್ರಿಲ್ಲು, ತೂತು ನಯಗೊಳಿಸುವ ರೀಮರು, ಗೇಜು, ನಟ್ಟು ಬಿಗಿಯುವ ಪಾನಾ, ಹೀಗೆ ನಾಲ್ಕು ಸಾವಿರ ಸಾಮಾನುಗಳ ಅಳತೆ, ತೂಕ, ಸವಕಳಿ ಎಲ್ಲವನ್ನೂ ರಜಿಸ್ಟರಿನಲ್ಲಿ ಬರೆದಿಡುವುದು ಅವನ ಕೆಲಸ. ಏಪ್ರಿಲ್ ತಿಂಗಳಲ್ಲಿ ಕಾರ್ಖಾನೆಗೆ ಒಂದು ಕಪಾಟು ಬಂತು. ಕಾರ್ಡು ತೋರಿಸಿದರೆ ಅದು ತಾನೇ ಡ್ರಿಲ್ಲು ಉದುರಿಸಿ, ತಾನೇ ಬರೆದುಕೊಂಡು, ಕೊನೆಗೆ “ಧನ್ಯವಾದ” ಎಂದೂ ಅನ್ನುತ್ತಿತ್ತು. ಹತ್ತೊಂಬತ್ತು ವರ್ಷಗಳಲ್ಲಿ ಯಮನಪ್ಪ ಯಾರಿಗೂ ಧನ್ಯವಾದ ಅಂದಿರಲಿಲ್ಲ. ಅವನು ಮನೆಗೆ ಬಂದ.

ಐದು ತಿಂಗಳು ಅವನು ಮನೆಯಲ್ಲಿ ಏನು ಮಾಡಿದ ಎಂಬುದನ್ನು ಅವನ ಹೆಂಡತಿ ದುರಗವ್ವನೇ ಹೇಳಬೇಕು. ಸಂಕ್ಷೇಪವಾಗಿ: ಅಡುಗೆಮನೆಯ ಚಮಚಗಳಿಗೆಲ್ಲ ನಂಬರು ಬಿದ್ದಿತ್ತು. ಹನ್ನೊಂದನೇ ನಂಬರಿನ ಚಮಚ ಎಲ್ಲಿ ಎಂದು ಊಟಕ್ಕೆ ಕೂತ ಬೀಗರನ್ನು ಅವನು ಕೇಳಿದ ದಿನ, ದುರಗವ್ವ ಅವನ ಅಣ್ಣನ ಮಗಳಿಗೆ ಫೋನು ಮಾಡಿದಳು. “ಮಾಯಾ, ನಿನ್ನ ಕಾಕಾಗ ಏನರ ಕೆಲಸಾ ಹಚ್ಚವಾ. ಇಲ್ಲಂದ್ರ ನನಗೂ ನಂಬರ್ ಹಾಕ್ತಾರ.”

ಮಾಯಾ ವಿದ್ಯಾನಗರದಲ್ಲಿ ಇಬ್ಬರು ಗೆಳತಿಯರನ್ನು ಕಟ್ಟಿಕೊಂಡು ಒಂದು ಆಟದ ಸರ್ವರ್ ನಡೆಸುತ್ತಿದ್ದಳು. ಕೋಟೆ, ಕಾಡು, ಕಣಿವೆಗಳಿರುವ ಒಂದು ಲೋಕ. ಯಾವ ಯಾವುದೋ ದೇಶಗಳಲ್ಲಿ ತಂತಮ್ಮ ಕಂಪ್ಯೂಟರಿನ ಮುಂದೆ ಕೂತ ಆರುನೂರು ಮಂದಿ ಒಟ್ಟಿಗೆ ಅದರೊಳಗೆ ಹೊಕ್ಕು ಬಡಿದಾಡುತ್ತಾರೆ. ಮೂವರು ಹುಡುಗಿಯರು ಅವಸರದಲ್ಲಿ ಆಯುಧಗಳನ್ನು ಬರೆದು ಬರೆದು ಅಂಕಿಗಳು ಎಲ್ಲೋ ಅದಲುಬದಲಾಗಿದ್ದವು. ಒಂದೊಂದೇ ಸಾಲನ್ನು ಬೇಸರವಿಲ್ಲದೆ ಓದಿ ತಪ್ಪು ಹಿಡಿಯುವ ಮನುಷ್ಯ ಬೇಕಾಗಿದ್ದ. ಮಾಯಾ ಒಂದು ಲ್ಯಾಪ್‌ಟಾಪ್ ತಂದು ಕಾಕಾನ ಮುಂದಿಟ್ಟಳು.

“ನೋಡ್ರಿ ಕಾಕಾ, ಇದಕ್ಕ ಲುವಾ ಅಂತಾರ. ಸರ್ವರಿಗೆ ತಿಳಿಯೋ ಭಾಷಾ. ಒಂದೊಂದು ಆಯುಧಕ್ಕ ಒಂದೊಂದು ತುಕಡಿ. ಮೊದಲ ಹೆಸರು, ಆಮ್ಯಾಲೆ ತೂಕ, ಪೆಟ್ಟು, ಬಾಳಿಕಿ, ಎಷ್ಟನೇ ಹಂತದಾಂವ ಇದನ್ನ ಎತ್ತಬಹುದು ಅನ್ನೋದು.”

“ಮತ್ತ ಕತ್ತಿ ಎಲ್ಲೈತಿ?”

“ಇದಽ ಕತ್ತಿ.”

“ಇದು ಕತ್ತೀ ರಜಿಸ್ಟರು. ನಾ ಕೇಳಿದ್ದು ಕತ್ತಿ.”

“ಕತ್ತಿ ಅಂತ ಬ್ಯಾರೆ ಇಲ್ಲ ಕಾಕಾ. ಅಲ್ಲೆ ಯಾರರ ಬೀಸಿದ ಕೂಡ್ಲೆ ಸರ್ವರ್ ಈ ಸಾಲು ಓದತೈತಿ. ಪೆಟ್ಟು ನಲವತ್ತು ಅಂತ ಬರದಿದ್ರ ಎದುರಿನವನ ಜೀವದಾಗ ನಲವತ್ತು ಕಡಿಮಿ. ಬರದದ್ದಽ ಕತ್ತಿ.”

ಯಮನಪ್ಪ ಆ ಸಾಲನ್ನು ಬೆರಳಿನಿಂದ ಮುಟ್ಟಿ ನೋಡಿದ. ಅವನ ಜೀವಮಾನದ ದುಃಖವೇನೆಂದರೆ, ರಜಿಸ್ಟರಿನಲ್ಲಿ ಇದ್ದದ್ದು ಕಪಾಟಿನಲ್ಲಿ ಇರುತ್ತಿರಲಿಲ್ಲ. ಹನ್ನೆರಡು ಪಾನಾ ಎಂದು ಬರೆದಲ್ಲಿ ಹನ್ನೊಂದೇ ಇರುತ್ತಿದ್ದವು. ಆ ಒಂದಕ್ಕಾಗಿ ಅವನು ರವಿವಾರವೂ ಕಾರ್ಖಾನೆಗೆ ಹೋಗಿ ಲೇಥಿನ ಅಡಿಯಲ್ಲಿ ತೆವಳಿದ್ದ. ಇಲ್ಲಿಯೋ, ಕಪಾಟೇ ಇಲ್ಲ. ಯಾರೂ ಕದಿಯಲಾರರು, ತುಕ್ಕು ಹಿಡಿಯಲಾರದು, ಎರವಲು ಒಯ್ದವನು ಮರೆಯಲಾರ. ರಜಿಸ್ಟರೇ ಲೋಕ. ಸೃಷ್ಟಿಕರ್ತನು ಮೊದಲ ದಿನವೇ ಹೀಗೆ ಮಾಡಿದ್ದರೆ ಎಷ್ಟು ಚೊಕ್ಕಟವಾಗಿರುತ್ತಿತ್ತು ಎಂದು ಅವನಿಗೆ ಅನಿಸಿತು.

ಮರುದಿನದಿಂದ ಅವನು ಓದತೊಡಗಿದ. ಉಕ್ಕಿನ ಅಳತೆಪಟ್ಟಿಯನ್ನು ಪರದೆಗೆ ಆನಿಸಿ, ಸಾಲಿನಿಂದ ಸಾಲಿಗೆ ಇಳಿಸುತ್ತ, ದಿನಕ್ಕೆ ಎಂಬತ್ತು ಆಯುಧ. ಒಂದೊಂದಕ್ಕೂ ಉಸಿರು ಬಿಗಿಹಿಡಿಯುತ್ತಿದ್ದ. ಮಂಜಿನಲ್ಲಿ ಮಾತ್ರ ಕಡಿಯುವ ಕತ್ತಿ. ಮೂರು ಸಾವಿರ ಪೆಟ್ಟಿಗೆ ಸವೆದು ಮುರಿಯುವ ಗದೆ. ಎಂಬತ್ತನೇ ಹಂತಕ್ಕೆ ಏರುವವರೆಗೆ ಯಾರ ಕೈಗೂ ಏಳದ ಭರ್ಚಿ. “ಕೇಳಿಲ್ಲಿ, ಈ ಬಿಲ್ಲಿಗೆ ಗಾಳಿ ಯಾ ಕಡಿಂದ ಬೀಸತೈತಿ ಅನ್ನೋದೂ ಗೊತ್ತು!” ಎಂದು ಅಡುಗೆಮನೆಗೆ ಕೂಗುತ್ತಿದ್ದ. “ಅದಕ್ಕ ಗೊತ್ತಾದ್ರ ಆತು, ಗ್ಯಾಸ್ ಮುಗದದ್ದು ನಿಮಗ ಗೊತ್ತಿಲ್ಲ” ಎಂದು ದುರಗವ್ವ ಕೂಗುತ್ತಿದ್ದಳು.

ಆರನೇ ದಿನ ತಪ್ಪು ಸಿಕ್ಕಿತು. ಹಣ್ಣು ಹೆಚ್ಚುವ ಚಾಕು: ತೂಕ ನೂರು ಗ್ರಾಂ, ಪೆಟ್ಟು ಒಂಬತ್ತು ಸಾವಿರ. ಯಮನಪ್ಪ ಕೂಡಲೇ ಫೋನು ಹಚ್ಚಿದ.

“ಮಾಯಾ, ನಿಮ್ಮ ಲೋಕದಾಗ ಯಾರರ ಸೇಬು ಹೆಚ್ಚಾಕ ಹೋಗಿ ಕೋಟಿ ಗ್ವಾಡಿ ಕೆಡವ್ಯಾರೇನು?”

“ಹೌದು ಕಾಕಾ. ಎರಡು ಸಲ.”

ಅಂದು ಸಂಜೆ ಮಾಯಾ ಪೇಢೆ ತಂದಳು. ಕರಾರನ್ನೂ ಹೇಳಿದಳು. “ಖಂಡೇನವಮಿ ದಿವಸ ನಾಕು ಗಂಟೇಕ್ಕ ನಮ್ಮ ಸರ್ವರಿನ್ಯಾಗ ಮಹಾಯುದ್ಧ. ವರ್ಷಕ್ಕ ಒಮ್ಮೆ. ಅದು ಛಲೋ ನಡದ್ರ ಮಂದಿ ಉಳೀತಾರ, ಕೆಟ್ರ ಮರುದಿನಾನಽ ಬ್ಯಾರೆ ಸರ್ವರಿಗೆ ಹೊಂಟ್ ಹೋಗ್ತಾರ. ಮಂದಿ ಉಳದ್ರ ನಿಮ್ಮ ಕೆಲಸ ಖಾಯಂ. ಹೋದ್ರ ನಿಮಗೂ ಇಲ್ಲ, ನನಗೂ ಇಲ್ಲ.” ಆಮೇಲೆ ಪರದೆಯಲ್ಲಿದ್ದ ಆಯುಧಗಳ ಪಟ್ಟಿಯ ನೆತ್ತಿಯ ಮೇಲಿನ ಒಂದು ಸಾಲಿಗೆ ಬೆರಳಿಟ್ಟಳು. “ಇದೊಂದನ್ನ ಮುಟ್ಟಬ್ಯಾಡ್ರಿ. ಇಲ್ಲೆ ‘ಇಲ್ಲ’ ಅಂತ ಬರದೈತಿ. ‘ಹೌದು’ ಅಂತ ಬರದ್ರ ಸರ್ವರ್ ಯಾವ ಆಯುಧ ಓದಿದ್ರೂ ಪೆಟ್ಟು ಸೊನ್ನಿ ಅಂತಽ ತಿಳ್ಕೋತೈತಿ. ನಾವು ಪರೀಕ್ಷಾ ಮಾಡೋವಾಗ ಸಾಯಬಾರದು ಅಂತ ಇಟ್ಕೊಂಡದ್ದು.”

“ಮುಟ್ಟಂಗಿಲ್ಲ” ಎಂದ ಯಮನಪ್ಪ. ಖರೇ ಹೇಳಬೇಕೆಂದರೆ ಆ ಕ್ಷಣ ಅವನಿಗೆ ಮುಟ್ಟುವ ಉದ್ದೇಶ ಕಿಂಚಿತ್ತೂ ಇರಲಿಲ್ಲ.

ಕೆಟ್ಟದ್ದು ಖಂಡೇನವಮಿಯಿಂದ. ಪ್ರತಿ ವರ್ಷ ಆ ಆಯುಧಪೂಜೆಯ ದಿನ ಓಣಿಯವರೆಲ್ಲ ತಮ್ಮ ತಮ್ಮ ಸಾಮಾನುಗಳನ್ನು ಬೇವಿನ ಗಿಡದ ಕೆಳಗಿನ ಕಟ್ಟೆಯ ಮೇಲೆ ಇಡುತ್ತಾರೆ. ಅಯ್ಯನವರಾದ ಗುರುಸಿದ್ದಯ್ಯ ಬಂದು ಎಲ್ಲಕ್ಕೂ ಒಟ್ಟಿಗೆ ಪೂಜೆ ಮಾಡುತ್ತಾರೆ. ಇಷ್ಟು ವರ್ಷ ಯಮನಪ್ಪ ಅಲ್ಲಿಗೆ ಬರುತ್ತಿರಲಿಲ್ಲ. ಅವನ ಪೂಜೆ ತಾರಿಹಾಳದಲ್ಲಿ, ನಾಲ್ಕು ಸಾವಿರ ಸಾಮಾನುಗಳ ಮುಂದೆ. ಪೂಜೆಗೆ ಇಟ್ಟ ಸಾಮಾನನ್ನು ಮರುದಿನ ದಸರೆಯ ಬನ್ನಿ ಕೊಡುವವರೆಗೆ ಎತ್ತುವಂತಿಲ್ಲ. ಒಂದು ವರ್ಷ ಮಾಲಕರೇ ಬಂದು ಅವಸರಕ್ಕೆ ಒಂದು ಸ್ಕ್ರೂಡ್ರೈವರ್ ಕೇಳಿದಾಗ ಯಮನಪ್ಪ ಕೀಲಿಕೈಯನ್ನು ಅಂಗಿಯೊಳಗೆ ಹಾಕಿಕೊಂಡು, “ನಾಳೆ ಬರ್ರಿ ಸಾಹೇಬ್ರ” ಎಂದಿದ್ದ.

ಈ ವರ್ಷ ಕಟ್ಟೆಯ ಮೇಲೆ ರುಕ್ಮವ್ವನ ಹೊಲಿಗೆ ಯಂತ್ರ ಬರುತ್ತದೆ, ದುರಗವ್ವನ ಮಿಕ್ಸರ್ ಬರುತ್ತದೆ, ಯಮನಪ್ಪ ಬರಿಗೈಯಲ್ಲಿ ಬರಬೇಕು. ಶಸ್ತ್ರಾಗಾರದ ಮುಖ್ಯಸ್ಥ! ಹಿಂದಿನ ದಿನ ರುಕ್ಮವ್ವ ಕೇಳಿಯೂ ಬಿಟ್ಟಳು. “ನಾಳೆ ಆ ಅರವತ್ತು ಕಿಲೋ ಕೊಡ್ಲಿ ತರ್ತೀರಲ್ರಿ? ನಮ್ಮ ತವರುಮನಿ ಮಂದೀನೂ ಬರಾಕತ್ತಾರ, ನೋಡಾಕ.”

“ತರ್ತೇನಿ. ಎಲ್ಲಾ ತರ್ತೇನಿ” ಎಂದುಬಿಟ್ಟ ಯಮನಪ್ಪ.

ಅವನು ನೆಟ್ಟಗೆ ಹೋದದ್ದು ದಸ್ತಗೀರಸಾಬನ ಝೆರಾಕ್ಸ್ ಅಂಗಡಿಗೆ. ಬರೆದದ್ದೇ ಕತ್ತಿ ಎಂದಮೇಲೆ, ಬರೆದದ್ದನ್ನು ತಂದರೆ ಕತ್ತಿ ತಂದಂತೆಯೇ. ಈ ತರ್ಕದಲ್ಲಿ ಲೋಪ ಹುಡುಕಲು ಆಮೇಲೆ ಬಹಳ ಮಂದಿ ಪ್ರಯತ್ನಿಸಿದರು, ಯಾರಿಗೂ ಸಿಕ್ಕಿಲ್ಲ.

ಯಂತ್ರದಿಂದ ಹಾಳೆಗಳು ಬಿಸಿಬಿಸಿಯಾಗಿ ಬೀಳುತ್ತಿದ್ದಂತೆ ದಸ್ತಗೀರಸಾಬ ಒಂದೊಂದನ್ನೇ ಎತ್ತಿ ಓದಿದ. ಇಂಗ್ಲಿಷ್ ಅಕ್ಷರಗಳ ಪಕ್ಕದಲ್ಲಿ ಯಮನಪ್ಪ ಎಲ್ಲಕ್ಕೂ ಕನ್ನಡದಲ್ಲಿ ಹೆಸರು ಬರೆದುಕೊಂಡಿದ್ದ.

“ಸಿಡಿಲಗತ್ತಿ... ತೂಕ ಮೂವತ್ತೆಂಟು ಕಿಲೋ... ಯಾ ಅಲ್ಲಾ! ಇದನ್ನ ಎತ್ತಾಂವ ಯಾರ್ರಿ ಯಮನಪ್ಪಣ್ಣಾ?”

“ಎಪ್ಪತ್ತನೇ ಹಂತ ದಾಟಿದಾಂವ.”

“ನಮ್ಮ ಹುಬ್ಬಳ್ಳ್ಯಾಗ ಅದಾನೇನು?”

“ಇಲ್ಲ. ಬ್ರೆಜಿಲ್‌ನಾಗ ಇಬ್ಬರದಾರ.”

ದಸ್ತಗೀರಸಾಬ ತಲೆಯ ಮೇಲಿನ ಟೊಪ್ಪಿಗೆ ಸರಿಮಾಡಿಕೊಂಡು, ಎಲ್ಲ ಹಾಳೆಗಳನ್ನು ಜೋಡಿಸಿ, ಸುರುಳಿ ತಂತಿ ಹಾಕಿ, ಮೇಲೆ ಪಾರದರ್ಶಕ ಹೊದಿಕೆ ಇಟ್ಟು, ಎರಡೂ ಕೈಯಿಂದ ಕೊಟ್ಟ. ಆ ಅಂಗಡಿಯಿಂದ ಎರಡೂ ಕೈಯಿಂದ ಕೊಟ್ಟದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ.

ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ಕಟ್ಟೆಯ ಮೇಲೆ, ಹೊಲಿಗೆ ಯಂತ್ರಕ್ಕೂ ಮಿಕ್ಸರಿಗೂ ನಡುವೆ, ಆ ಪುಸ್ತಕ ಕೂತಿತು. ರುಕ್ಮವ್ವನ ತವರಿನವರು ನಿರಾಶರಾಗಿ ಅದನ್ನು ನೋಡಿದರು. ಯಮನಪ್ಪ ಪುಟ ತೆರೆದು ಗಟ್ಟಿಯಾಗಿ ಓದತೊಡಗಿದ ಮೇಲೆ ನಿರಾಶೆ ಎಲ್ಲಿ ಹೋಯಿತೋ! ಹತ್ತನೇ ಆಯುಧಕ್ಕೆ ಗಲಾಟೆ ನಿಂತಿತು. ಇಪ್ಪತ್ತನೆಯದಕ್ಕೆ ಮುದುಕರು ಚಪ್ಪಲಿ ಬಿಟ್ಟರು. “ಬಾಳಿಕಿ: ಕೊನಿ ಇಲ್ಲ” ಎಂದು ಒಂದು ಕತ್ತಿಯ ಬಗ್ಗೆ ಓದಿದಾಗ ತವರಿನವರಲ್ಲಿ ಹಿರಿಯಳೊಬ್ಬಳು ಸೆರಗು ಹೊದ್ದುಕೊಂಡಳು. ಗುರುಸಿದ್ದಯ್ಯ ಪುಸ್ತಕಕ್ಕೆ ವಿಭೂತಿ, ಕುಂಕುಮ ಹಚ್ಚಿ, ಚೆಂಡುಹೂವು ಏರಿಸಿ, ನಿಂಬೆಹಣ್ಣು ಕೊಯ್ದು, ಕಾಯಿ ಒಡೆದು ಹೇಳಿದರು: “ಇನ್ನ ನಾಳೆ ಬನ್ನಿ ಕೊಡೂತನಕ ಇದರಾಗಿಂದು ಯಾವುದನ್ನೂ ಯಾರೂ ಎತ್ತಂಗಿಲ್ಲ.”

ಹೋಳಿಗೆ ಊಟ ಮುಗಿಸಿ ಯಮನಪ್ಪ ಮಲಗಿದ. ಮೂರೂವರೆಗೆ ಎದ್ದು ಕೂತ.

“ಆರುನೂರು ಮಂದಿ” ಎಂದ.

“ಯಾರು? ಊಟಕ್ಕೇನು?” ಎಂದಳು ದುರಗವ್ವ, ಗಾಬರಿಯಾಗಿ.

“ನಾಕಕ್ಕ ಆರುನೂರು ಮಂದಿ ಎತ್ತವ್ರು! ಪೂಜಾದಾಗ ಕೂತ ಆಯುಧಾನ!”

ಅವನು ಮಾಯಾಳಿಗೆ ಫೋನು ಹಚ್ಚಿದ. ಎತ್ತಲಿಲ್ಲ. ಮತ್ತೆ ಹಚ್ಚಿದ. ಮಹಾಯುದ್ಧಕ್ಕೆ ಅರ್ಧ ತಾಸು ಮೊದಲು ಯಾವ ಸೇನಾಪತಿ ಫೋನು ಎತ್ತುತ್ತಾನೆ? ಯಮನಪ್ಪ ಬನಿಯನ್ನಿನಲ್ಲೇ ಓಡಿ, ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತಿದ್ದ ಗುರುಸಿದ್ದಯ್ಯನವರ ಮುಂದೆ ನಿಂತ.

“ಅಯ್ಯನವರ, ಆಯುಧ ಎತ್ತವ್ರು ಪರದೇಶದ ಮಂದಿ ಇದ್ರ ನಡೀತೈತೇನ್ರಿ? ಅವರಿಗೆ ಖಂಡೇನವಮಿ ಗೊತ್ತಿಲ್ಲ.”

ಗುರುಸಿದ್ದಯ್ಯ ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಲಿಲ್ಲ. “ಮಂದಿ ಎಲ್ಲೆದಾರ?”

“ಬ್ರೆಜಿಲ್, ಪೋಲಂಡ್, ಆ ಕಡೆ.”

“ಆಯುಧ ಎಲ್ಲೆದಾವ?”

ಯಮನಪ್ಪ ಕಟ್ಟೆಯನ್ನು ನೋಡಿದ. “ಇಲ್ಲೇ.”

“ಮತ್ತ? ಆಯುಧ ಎಲ್ಲೋ ಅಲ್ಲೀದು ರಿವಾಜು.”

ಇಂಥ ಸ್ಪಷ್ಟ ತೀರ್ಪು ಧಾರವಾಡದ ಯಾವ ಕೋರ್ಟಿನಲ್ಲೂ ಅಷ್ಟು ಬೇಗ ಸಿಗುವುದಿಲ್ಲ. ಯಮನಪ್ಪ ಮನೆಗೆ ಬಂದು ಲ್ಯಾಪ್‌ಟಾಪಿನ ಮುಂದೆ ಕೂತ. ಮುಟ್ಟಿದರೆ ಕೆಲಸ ಹೋಗುತ್ತದೆ. ಮತ್ತೆ ಮನೆ, ಮತ್ತೆ ಚಮಚ. ಮುಟ್ಟದಿದ್ದರೆ ಹತ್ತೊಂಬತ್ತು ವರ್ಷ ಮಾಲಕನಿಗೂ ಕೊಡದ ಕೀಲಿಕೈಯನ್ನು ಇಂದು ತಾನೇ ತೆಗೆದು ಆರುನೂರು ಮಂದಿಗೆ ಕೊಟ್ಟಂತೆ. ಹೊರಗೆ ಓಣಿಯವರು ಯುದ್ಧ ನೋಡಲು ಬಂದು ಕಿಟಕಿಗೆ ಜೋತುಬಿದ್ದಿದ್ದರು. ನಾಲ್ಕಕ್ಕೆ ಎರಡು ನಿಮಿಷ ಇದ್ದಾಗ ಅವನು ನೆತ್ತಿಯ ಸಾಲಿಗೆ ಹೋಗಿ, ‘ಇಲ್ಲ’ ಇದ್ದಲ್ಲಿ ‘ಹೌದು’ ಎಂದು ಬರೆದು ಉಳಿಸಿದ. ಆಮೇಲೆ ಕೈಮುಗಿದ. ಕಂಪ್ಯೂಟರಿಗೋ ದೇವಿಗೋ, ಅವನಿಗೇ ತಿಳಿಯಲಿಲ್ಲ.

ಪರದೆಯ ಮೇಲೆ ಕೋಟೆಯ ಬಾಗಿಲು ತೆರೆಯಿತು. ಆರುನೂರು ಮಂದಿ ಎರಡು ಕಡೆಯಿಂದ ನುಗ್ಗಿ ಬಂದರು. ಎಲ್ಲರಿಗಿಂತ ಮುಂದೆ ಎಂಬತ್ತೆಂಟನೇ ಹಂತದ ಒಬ್ಬ, ಕಪ್ಪು ಕವಚ, ಕೈಯಲ್ಲಿ ಸಿಡಿಲಗತ್ತಿ. ಓಣಿ ಅವನಿಗೆ ಕೂಡಲೇ “ಕರೀ ದೊರಿ” ಎಂದು ಹೆಸರಿಟ್ಟಿತು. ಕರೀ ದೊರೆ ಮೊದಲು ಸಿಕ್ಕ ಪುಟ್ಟ ಬಿಲ್ಲುಗಾರನ ಮೇಲೆ ಕತ್ತಿ ಬೀಸಿದ. ಮಿಂಚು ಹೊಡೆಯಿತು, ನೆಲ ನಡುಗಿತು. ಬಿಲ್ಲುಗಾರನ ತಲೆಯ ಮೇಲೆ ಒಂದು ಅಂಕಿ ಮೂಡಿ ಮೆಲ್ಲಗೆ ಮೇಲಕ್ಕೆ ತೇಲಿತು: ಸೊನ್ನೆ.

ಕರೀ ದೊರೆ ಮತ್ತೆ ಬೀಸಿದ. ಸೊನ್ನೆ. ಗದೆಗಳು ಬಿದ್ದವು, ಬಾಣಗಳು ನೆಟ್ಟವು, ಅರವತ್ತು ಕಿಲೋ ಕೊಡಲಿ ಒಬ್ಬನ ನಡುನೆತ್ತಿಯ ಮೇಲೆ ಇಳಿಯಿತು. ಸೊನ್ನೆ, ಸೊನ್ನೆ, ಸೊನ್ನೆ. ಆರುನೂರು ಜನರ ತಲೆಯಿಂದ ಎದ್ದ ಸೊನ್ನೆಗಳು ಕೋಟೆಯ ಮೇಲಿನ ಆಕಾಶವನ್ನೆಲ್ಲ ತುಂಬಿ, ಒಂದಕ್ಕೊಂದು ತಾಗದಂತೆ ಮೆಲ್ಲಗೆ ಏರುತ್ತಿದ್ದವು. ಹೊಡೆಯುವವರು ನಿಂತು ಮೇಲೆ ನೋಡಿದರು. ಇತ್ತ ಕಿಟಕಿಯಲ್ಲಿದ್ದವರೂ ಕತ್ತೆತ್ತಿದರು.

“ಅವ್ವನ ಮಹಿಮಾ” ಎಂದರು ಅವರ ನಡುವೆ ನಿಂತಿದ್ದ ಗುರುಸಿದ್ದಯ್ಯ, ಮೆಲ್ಲಗೆ.

ಫೋನು ಹೊಡೆದುಕೊಂಡಿತು.

“ಕಾಕಾ! ಏನ್ ಮಾಡೀರಿ?”

“ಪೂಜಾಕ್ಕ ಕುಂದರ್ಸೇನಿ, ಮಾಯಾ.”

“ಏನನ್ನ?”

“ಎಲ್ಲಾ. ಸಾವಿರದ ನೂರಾ ನಲವತ್ತು.”

“ಕಾಕಾ, ಮಂದಿ ಬೈಯ್ಯಾಕತ್ತಾರ್ರಿ! ಒಂಬತ್ತು ಭಾಷಾದಾಗ! ಲಗೂ ಹಿಂದ ಮಾಡ್ರಿ!”

“ನಾಳೆ ಮಾಡ್ತೇನಿ. ಬನ್ನಿ ಕೊಟ್ಟ ಕೂಡ್ಲೆ.”

“ನಾಳೆ ಸರ್ವರಽ ಇರಂಗಿಲ್ಲ! ನಾನಽ ಬಂದು ನಿಮ್ಮ ಕಡಿಂದ ಮಾಡಸ್ತೇನಿ” ಎಂದು ಮಾಯಾ ಫೋನಿಟ್ಟಳು. ಅವಳೇ ಅಲ್ಲಿಂದ ಅದನ್ನು ಬದಲಿಸಬಹುದಿತ್ತು ಎಂಬುದು ಸಿಟ್ಟಿನ ಭರದಲ್ಲಿ ಅವಳಿಗೆ ಹೊಳೆಯಲೇ ಇಲ್ಲ. ಸ್ಕೂಟರ್ ಹತ್ತಿ ಹೊರಟಳು.

ಅವಳು ಬರುವಷ್ಟರಲ್ಲಿ ಆಗಬಾರದ್ದು ಆಗಿತ್ತು. ಆ ಪುಟ್ಟ ಬಿಲ್ಲುಗಾರ, ಮೂರನೇ ಹಂತದವನು, ಬಿಲ್ಲನ್ನು ನೆಲಕ್ಕೆ ಬಿಸುಟು ಕರೀ ದೊರೆಯ ಹೊಟ್ಟೆಗೆ ಕೈಯಿಂದ ಒಂದು ಗುದ್ದಿದ. ಅಂಕಿ ಮೂಡಿತು. ಅದು ಸೊನ್ನೆಯಾಗಿರಲಿಲ್ಲ.

“ಒಂದು!” ಎಂದು ಕಿರುಚಿದ ದಸ್ತಗೀರಸಾಬ.

ಯಮನಪ್ಪ ಕಟ್ಟೆಯ ಪುಸ್ತಕವನ್ನು ನೆನಪಿನಲ್ಲಿಯೇ ಮೊದಲಿನಿಂದ ಕೊನೆಯವರೆಗೆ ತಿರುವಿದ. ಕೈ ಅದರಲ್ಲಿ ಇರಲಿಲ್ಲ. ಮುಷ್ಟಿಯನ್ನು ಯಾರೂ ಬರೆದೇ ಇರಲಿಲ್ಲ. ಬರೆಯದ್ದು ಪೂಜೆಗೆ ಕೂತಿರಲಿಲ್ಲ.

ಕರೀ ದೊರೆಗೆ ಒಂಬೈನೂರು ಜೀವ. ಬಿಲ್ಲುಗಾರನ ಹಿಂದೆ ಇನ್ನೊಬ್ಬ ಕೋಲು ಬಿಸುಟ. ಅವನ ಹಿಂದೆ ನಲವತ್ತು ಜನ. ಒಂದು, ಒಂದು, ಒಂದು. ದೊರೆಯೂ ಕೊನೆಗೆ ಸಿಡಿಲಗತ್ತಿ ಒಗೆದು ಮುಷ್ಟಿ ಬಿಗಿದ. ಅವನ ಗುದ್ದಿಗೂ ಒಂದೇ! ಎಂಬತ್ತೆಂಟು ಹಂತ ಹತ್ತಿದವನ ಕೈಗೂ ಮೊನ್ನೆ ಬಂದವನ ಕೈಗೂ ಒಂದೇ ಅಂಕಿ. “ಕಾಲಿಗೆ ಹಾಕೋ, ಕಾಲಿಗೆ ಹಾಕೋ!” ಎಂದು ದಸ್ತಗೀರಸಾಬ ಅಖಾಡದ ಉಸ್ತಾದನಂತೆ ಕಿಟಕಿ ಬಡಿದ. ರುಕ್ಮವ್ವ ತವರಿನವರ ಮೇಲೆ ಹತ್ತಿ ನಿಂತು ನೋಡಿದಳು.

ಮಾಯಾ ಹೆಲ್ಮೆಟ್ಟಿನೊಂದಿಗೇ ಒಳಗೆ ನುಗ್ಗಿ, ಕಾಕಾನನ್ನು ಸರಿಸಿ, ನೆತ್ತಿಯ ಸಾಲಿಗೆ ಕೈ ಚಾಚಿದಳು. ಆಗ ಕರೀ ದೊರೆಗೆ ಇಪ್ಪತ್ತಾರು ಉಳಿದಿತ್ತು.

“ತಡಿ ಮಗಳ!” ಎಂದು ಇಡೀ ಓಣಿ ಒಂದೇ ದನಿಯಲ್ಲಿ ಕೂಗಿತು.

ಅವಳು ತಡೆದಳು. ನಾಲ್ಕೂ ಮುಕ್ಕಾಲಿಗೆ ಕರೀ ದೊರೆ ಮೊಣಕಾಲೂರಿದ. ಆಮೇಲೆ ಅವನ ಕಡೆಯವರೂ ಇವರ ಕಡೆಯವರೂ ಕೋಟೆಯ ಅಂಗಳದಲ್ಲಿ ಸುಮ್ಮನೆ ಕೂತರು. ಯಾರೂ ಹೊರಗೆ ಹೋಗಲಿಲ್ಲ. ಮಾಯಾ ಹೆಲ್ಮೆಟ್ಟು ತೆಗೆಯದೆ, ಯಾರ ಮುಖವನ್ನೂ ನೋಡದೆ ಎದ್ದು ನಿಂತಳು. “ನಾಳೆ ಮಾತಾಡೂಣು ಕಾಕಾ” ಎಂದಷ್ಟೇ ಹೇಳಿ ಸ್ಕೂಟರ್ ಒದ್ದು ಹೊರಟಳು.

ಆ ರಾತ್ರಿಯ ಬಗ್ಗೆ ಹೇಳುವುದೇನೂ ಇಲ್ಲ. ಯಮನಪ್ಪ ಉಣ್ಣಲಿಲ್ಲ, ಅವನ ಹೋಳಿಗೆಯನ್ನು ರುಕ್ಮವ್ವನ ತವರಿನವರು ಉಂಡರು.

ಮರುದಿನ ಗುರುಸಿದ್ದಯ್ಯ ಬನ್ನಿ ಕೊಟ್ಟ ಕೂಡಲೇ ಯಮನಪ್ಪ ‘ಹೌದು’ ಅಳಿಸಿ ‘ಇಲ್ಲ’ ಬರೆದು, ಲ್ಯಾಪ್‌ಟಾಪ್ ಮುಚ್ಚಿ, ವಯರು ಸುತ್ತಿ, ಚೀಲದಲ್ಲಿಟ್ಟು, ವಾಪಸು ಕೊಡಲು ತಯಾರಾಗಿ ಕೂತ. ಹತ್ತು ಗಂಟೆಗೆ ಮಾಯಾ ಬಂದು ಕಾಕಾನಿಗೂ ಚಿಗವ್ವ ದುರಗವ್ವನಿಗೂ ಬನ್ನಿ ಕೊಟ್ಟು ಕಾಲಿಗೆ ನಮಸ್ಕರಿಸಿದಳು. ಚೀಲವನ್ನು ನೋಡಿದಳು.

“ಒಬ್ಬನೂ ಹೋಗಿಲ್ಲ” ಎಂದಳು. “ಮ್ಯಾಲೆ ಇನ್ನೂ ಮುನ್ನೂರು ಮಂದಿ ಬಂದಾರ. ಇಂಥಾ ದಿವಸ ಮತ್ತ ಯಾವಾಗ ಅಂತ ಕೇಳಾಕತ್ತಾರ. ಕರೀ ದೊರೀನೂ ಬರದಾನ.”

“ಏನಂತ?” ಯಮನಪ್ಪ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡ.

“ತಕರಾರು. ಎಲ್ಲಾರ ಕೈನೂ ಒಂದಽ ಹೆಂಗ, ಕೈ ಎಲ್ಲೆ ಬರದೈತಿ ತೋರಸ್ರಿ ಅಂತ. ಖರೇನಽ ಎಲ್ಲೂ ಬರದಿಲ್ಲ ಕಾಕಾ, ನಾವು ಮರತಿದ್ವಿ. ಚೀಲಾ ಬಿಚ್ರಿ. ಕೆಲಸ ಖಾಯಂ. ಮೊದಲ ಇದನ್ನ ಬರೀರಿ.”

ಯಮನಪ್ಪ ಚೀಲ ಬಿಚ್ಚಿದ. ಹೊಸ ತುಕಡಿ ತೆರೆದ. ಹೆಸರು: ಕೈ. ಮುಂದೆ ತೂಕ. ಅಲ್ಲಿಗೆ ಅವನ ಬೆರಳು ನಿಂತುಬಿಟ್ಟಿತು.

“ಒಂದು ಅಂದಾಜು ಹಾಕ್ರಿ” ಎಂದಳು ಮಾಯಾ.

“ಅಳೀದಽ ನಾ ಯಾವತ್ತೂ ಬರದಿಲ್ಲವ್ವಾ.”

ಹೀಗಾಗಿ ದಸ್ತಗೀರಸಾಬನ ಅಂಗಡಿಯಿಂದ ಕೊರಿಯರ್ ತೂಗುವ ಯಂತ್ರ ಬಂತು. ಅದರ ಹಿಂದೆ ದಸ್ತಗೀರಸಾಬ ಬಂದ, ರುಕ್ಮವ್ವ ಬಂದಳು, ಅವಳ ತವರಿನವರು ಬಸ್ಸು ತಪ್ಪಿಸಿಕೊಂಡು ಬಂದರು. ಯಮನಪ್ಪ ಅಂಗಿಯ ತೋಳು ಮಡಚಿ ಬಲಗೈಯನ್ನು ಯಂತ್ರದ ಮೇಲೆ ಇಟ್ಟ. ಮುನ್ನೂರಾ ತೊಂಬತ್ತು, ಆರುನೂರು, ಇನ್ನೂರೈವತ್ತು.

“ಒತ್ತಬ್ಯಾಡ್ರಿ!” ಎಂದಳು ರುಕ್ಮವ್ವ.

“ಒತ್ತಿಲ್ಲ.”

“ಸಡ್ಲ ಬಿಡ್ರಿ. ನಿಮ್ಮದಲ್ಲಂತ ತಿಳ್ಕೋರಿ.”

ಅವನು ಕಣ್ಣು ಮುಚ್ಚಿ, ತನ್ನದಲ್ಲವೆಂದು ತಿಳಿದ. ಅಂಕಿ ಕುಣಿದು, ಕುಣಿದು, ನಿಂತಿತು. ನಾನೂರಾ ಇಪ್ಪತ್ತು ಗ್ರಾಂ. ಎಲ್ಲರೂ ಬಾಗಿ ಅದನ್ನು ನೋಡಿದರು. ಹಣ್ಣು ಹೆಚ್ಚುವ ನಾಲ್ಕು ಚಾಕುಗಳಷ್ಟು. ಮಂಜಿನ ಕತ್ತಿಯ ಹಿಡಿಕೆಯಷ್ಟೂ ಇಲ್ಲ. ಮಾಯಾ ಬರೆದುಕೊಂಡಳು. ಪೆಟ್ಟು: ಒಂದು. ಯಾರು ಎತ್ತಬಹುದು: ಎಲ್ಲರೂ.

“ಬಾಳಿಕಿ?” ಎಂದಳು.

ಯಮನಪ್ಪ ಕೈಯನ್ನು ಬೆಳಕಿಗೆ ಹಿಡಿದ. ರೀಮರಿನ ಅಲಗು ನೋಡುವ ಹಾಗೆ ಆ ಕಡೆ ಹೊರಳಿಸಿದ, ಈ ಕಡೆ ಹೊರಳಿಸಿದ, ಬೆರಳು ಒಂದೊಂದನ್ನೇ ಮಡಚಿ ಬಿಚ್ಚಿ ನೋಡಿದ. ಓಣಿ ಕಾಯಿತು.

“ಅದನ್ನ ಖಾಲಿ ಬಿಡು” ಎಂದ ಕೊನೆಗೆ. “ಕೆಲಸದ ಮ್ಯಾಲಿರೋ ಸಾಮಾನಿನ ಸವಕಳಿ ಬರಿಯಂಗಿಲ್ಲ. ಅದು ಸ್ಟೋರಿಗೆ ವಾಪಸ್ ಬಂದ ಮ್ಯಾಲೆ ಬರೀತಾರ.”

“ಕೆಲಸದ ಮ್ಯಾಲೆ ಐತಿ ಅಂದ್ರಲ್ಲಾ” ಎನ್ನುತ್ತ ದುರಗವ್ವ ಒಡೆದ ಕಾಯಿಯ ಹೋಳನ್ನೂ ಈಳಿಗೆಯನ್ನೂ ತಂದು ಅವನ ಮುಂದಿಟ್ಟಳು, “ಹಂಗಾರ ಇದನ್ನ ಹೆರೀರಿ.”